ರಾತ್ರಿ ಹತ್ತರ ಮೇಲಿನ ಮೈಕು: ನೆರೆಹೊರೆಯವರಿಗೂ ಕಾರ್ಯಕ್ರಮ ನಡೆಸುವವರಿಗೂ ಸಮಗ್ರ ಮಾರ್ಗದರ್ಶಿ

ಗಣೇಶನ ಪೆಂಡಾಲು, ನವೆಂಬರಿನ ರಾಜ್ಯೋತ್ಸವದ ಆರ್ಕೆಸ್ಟ್ರಾ, ಊರ ಹಬ್ಬ, ಉರುಸು, ಚರ್ಚಿನ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ, ಪಕ್ಷದ ಸಮಾವೇಶ. ಮೈಕು ಕಟ್ಟಿಸಿದವರು ಯಾರೇ ಆಗಿರಲಿ, ಪಕ್ಕದ ಮನೆಯ ಹಸುಗೂಸಿಗೆ, ಬೆಳಿಗ್ಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗಬೇಕಾದ ಹುಡುಗಿಗೆ, ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದು ಮಲಗಿರುವ ಹಿರಿಯರಿಗೆ ಆಗುವ ತೊಂದರೆ ಒಂದೇ. ಕಾನೂನು ಕೂಡ ಸದ್ದನ್ನು ಹೀಗೆಯೇ ನೋಡುತ್ತದೆ. ಯಾರ ಸದ್ದು ಎಂದು ಕೇಳುವುದಿಲ್ಲ. ಎಷ್ಟು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳುತ್ತದೆ. ದೂರು ಕೊಡುವವರು, ಅನುಮತಿ ಕೊಡುವವರು, ಮೈಕು ಕಟ್ಟಿಸುವವರು ಈ ಮೂರು ಪ್ರಶ್ನೆಗಳನ್ನು ಬಿಟ್ಟು ಬೇರೆಡೆಗೆ ಹೋದಾಗಲೇ ಜಗಳ ಶುರುವಾಗುವುದು.

ನಿಯಮ ಹೇಳುವುದೇನು

ಇಡೀ ದೇಶಕ್ಕೆ ಅನ್ವಯಿಸುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು. ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10, ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ನಿಶ್ಶಬ್ದ ವಲಯಕ್ಕೆ 50 ಮತ್ತು 40. ಇವು ಆ ಪ್ರದೇಶದ ಒಟ್ಟಾರೆ ಸದ್ದಿನ ಸರಾಸರಿ ಮಿತಿಗಳು. ಧ್ವನಿವರ್ಧಕಕ್ಕೆ ಬೇರೆಯದೇ ಲೆಕ್ಕವಿದೆ. ಬಹಳಷ್ಟು ದೂರುಗಳು ಸೋಲುವುದು ಈ ಎರಡನ್ನೂ ಬೆರೆಸಿ ಬರೆಯುವುದರಿಂದ.

ಧ್ವನಿವರ್ಧಕದ ಲೆಕ್ಕ ಐದನೇ ನಿಯಮದಲ್ಲಿದೆ. ಸಾರ್ವಜನಿಕ ಜಾಗದಲ್ಲಿ ಮೈಕು ಕಟ್ಟಿದ್ದರೆ, ಆ ಜಾಗದ ಗಡಿಯಲ್ಲಿ ಸದ್ದು ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಾಸದ ಬಡಾವಣೆಯ ಮೈದಾನವಾದರೆ ಹಗಲಿಗೆ 65. ಖಾಸಗಿ ಜಾಗವಾದರೆ, ಉದಾಹರಣೆಗೆ ಕಲ್ಯಾಣ ಮಂಟಪ ಅಥವಾ ಪಬ್ಬಿನ ಮಹಡಿಯಾದರೆ, ಅದರ ಗಡಿಯಲ್ಲಿ ಮಿತಿಗಿಂತ 5 ಡೆಸಿಬೆಲ್ ಮಾತ್ರ ಹೆಚ್ಚಿಗೆ ಅವಕಾಶ. ವಾಸದ ಪ್ರದೇಶದಲ್ಲಿ ಅದು ಹಗಲಿಗೆ 60, ರಾತ್ರಿಗೆ 50. ‘75 ಡೆಸಿಬೆಲ್‌ವರೆಗೆ ಪರ್ಮಿಷನ್ ಇದೆ’ ಎಂದು ಸಂಘಟಕರು ಹೇಳುವುದನ್ನು ಕೇಳಿರುತ್ತೀರಿ. ಮನೆಗಳ ನಡುವೆ ಆ ಮಾತು ತಪ್ಪು.

ರಾತ್ರಿ 10ರ ಮೇಲೆ ನಿಯಮ ಇನ್ನೂ ಸರಳ. ಒಳಗಿನವರಿಗೆ ಮಾತ್ರ ಕೇಳುವಂಥ ಮುಚ್ಚಿದ ಸಭಾಂಗಣ, ಸಮುದಾಯ ಭವನ ಮುಂತಾದವನ್ನೂ ಸಾರ್ವಜನಿಕ ತುರ್ತುಸ್ಥಿತಿಯನ್ನೂ ಬಿಟ್ಟರೆ ಮೈಕು ಇಲ್ಲ. 2010ರ ತಿದ್ದುಪಡಿಯ ನಂತರ ಈ ನಿಷೇಧ ಮೈಕಿಗಷ್ಟೇ ಅಲ್ಲ, ಸದ್ದು ಮಾಡುವ ಮತ್ತು ನುಡಿಸುವ ವಾದ್ಯಗಳಿಗೂ ಇದೆ. ತಮಟೆ, ನಾಸಿಕ್ ಡೋಲು, ಬ್ಯಾಂಡ್‌ಸೆಟ್ಟಿಗೆ ‘ಇದು ಮೈಕಲ್ಲವಲ್ಲ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಶಾಮಿಯಾನಕ್ಕೆ ಸುತ್ತ ಬಟ್ಟೆ ಕಟ್ಟಿದರೆ ಅದು ಮುಚ್ಚಿದ ಜಾಗ ಆಗುವುದೂ ಇಲ್ಲ.

ಒಂದು ವಿನಾಯಿತಿ ಇದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರ್ಕಾರ ರಾತ್ರಿ 10ರಿಂದ 12ರವರೆಗೆ ಅನುಮತಿ ಕೊಡಬಹುದು. ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ, ಆ ದಿನಗಳು ಯಾವುವೆಂದು ಮೊದಲೇ ಗೊತ್ತುಪಡಿಸಬೇಕು. ಠಾಣೆಯವರು ಬಾಯಿಮಾತಿನಲ್ಲಿ ‘ಇನ್ನೊಂದು ಗಂಟೆ ನಡೆಸಿಕೊಳ್ಳಿ’ ಎನ್ನುವುದು ಈ ವಿನಾಯಿತಿಗೆ ಸೇರುವುದಿಲ್ಲ. ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ, ಒಬ್ಬರ ವಾಕ್ ಸ್ವಾತಂತ್ರ್ಯ ಇನ್ನೊಬ್ಬರನ್ನು ಬಲವಂತದ ಕೇಳುಗರನ್ನಾಗಿ ಮಾಡುವ ಹಕ್ಕಲ್ಲ ಎಂದು ಸ್ಪಷ್ಟಪಡಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಈ 15 ದಿನಗಳ ವಿನಾಯಿತಿಯನ್ನು ಎತ್ತಿಹಿಡಿಯಿತು.

ಕರ್ನಾಟಕದಲ್ಲಿ 2022ರ ಮೇ ತಿಂಗಳ ಸರ್ಕಾರಿ ಆದೇಶ ಧ್ವನಿವರ್ಧಕ ಬಳಸುವ ಎಲ್ಲರೂ ಲಿಖಿತ ಅನುಮತಿ ಪಡೆಯಲೇಬೇಕೆಂದು ಹೇಳಿ, ಅದಕ್ಕೆ ಸಮಿತಿಗಳನ್ನು ಗೊತ್ತುಮಾಡಿತು. ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಎಸಿಪಿ, ಪಾಲಿಕೆಯ ಕಾರ್ಯಪಾಲಕ ಎಂಜಿನಿಯರ್ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ. ಉಳಿದೆಡೆ ಡಿವೈಎಸ್ಪಿ, ತಹಶೀಲ್ದಾರ್ ಮತ್ತು ಮಂಡಳಿಯ ಪ್ರತಿನಿಧಿ. ನಿಮ್ಮ ಅರ್ಜಿ ಯಾರ ಮೇಜಿಗೆ ಹೋಗಬೇಕೆಂಬುದಕ್ಕೆ ಉತ್ತರ ಇಲ್ಲಿಯೇ ಇದೆ.

ಮೊದಲ ಹೆಜ್ಜೆ: ನಿಮ್ಮ ಪ್ರದೇಶ ಯಾವುದೆಂದು ಖಚಿತಪಡಿಸಿಕೊಳ್ಳಿ

ಮನೆ ಇದೆ ಎಂದಮಾತ್ರಕ್ಕೆ ಅದು ವಾಸದ ಪ್ರದೇಶ ಆಗಿಬಿಡುವುದಿಲ್ಲ. ಮುಖ್ಯರಸ್ತೆಗೆ ತಾಗಿದ ಮನೆ ನಗರ ಯೋಜನೆಯ ನಕ್ಷೆಯಲ್ಲಿ ವಾಣಿಜ್ಯ ಅಥವಾ ಮಿಶ್ರ ಬಳಕೆ ಎಂದಿರಬಹುದು. ಬೆಂಗಳೂರಿನಲ್ಲಿ ಬಿಡಿಎ ಮಾಸ್ಟರ್ ಪ್ಲಾನ್ ನೋಡಿ. ಬೇರೆ ಊರುಗಳಲ್ಲಿ ಆಯಾ ನಗರಾಭಿವೃದ್ಧಿ ಅಥವಾ ಯೋಜನಾ ಪ್ರಾಧಿಕಾರದ ಮಹಾಯೋಜನೆ ಕೇಳಿ. ನಿಮ್ಮ ಮನೆಯ ಪ್ರದೇಶಕ್ಕಿಂತಲೂ ಮೈಕು ಕಟ್ಟಿದ ಜಾಗದ ಪ್ರದೇಶ ಮುಖ್ಯ, ಏಕೆಂದರೆ ಅಳತೆ ಆ ಜಾಗದ ಗಡಿಯಲ್ಲಿ.

ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ತಾನಾಗಿಯೇ ನಿಶ್ಶಬ್ದ ವಲಯ ಎಂಬ ನಂಬಿಕೆ ಗಟ್ಟಿಯಾಗಿದೆ. 2017ರ ಆಗಸ್ಟಿನ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ಘೋಷಿಸಿದ್ದರೆ ಮಾತ್ರ ಅದು ನಿಶ್ಶಬ್ದ ವಲಯ. ಇದು ನಿಯಮದ ದೊಡ್ಡ ದೋಷ. ರೋಗಿಯ ನೆಮ್ಮದಿ ಒಂದು ಅಧಿಸೂಚನೆಗೆ ಕಾಯುವಂತಾಗಿದೆ. ದೂರಿನಲ್ಲಿ ‘ನಿಶ್ಶಬ್ದ ವಲಯ’ ಎಂದು ಬರೆಯುವ ಮೊದಲು ಅಧಿಸೂಚನೆ ಇದೆಯೇ ನೋಡಿ. ಇಲ್ಲದಿದ್ದರೆ ವಾಸದ ಪ್ರದೇಶದ ಮಿತಿಯನ್ನೇ ಹಿಡಿದು, ಆಸ್ಪತ್ರೆ ಎಷ್ಟು ಮೀಟರ್ ದೂರದಲ್ಲಿದೆ ಎಂದು ಪ್ರತ್ಯೇಕವಾಗಿ ಬರೆಯಿರಿ.

ಎರಡನೇ ಹೆಜ್ಜೆ: ಅಳತೆ

ರಾತ್ರಿ 10ರ ಮೇಲೆ ಬಯಲಿನಲ್ಲಿ ಮೈಕು ನಡೆಯುತ್ತಿದ್ದರೆ ಮೀಟರ್ ಬೇಕಿಲ್ಲ, ಗಡಿಯಾರ ಸಾಕು. ಏಳನೇ ನಿಯಮದ ಪ್ರಕಾರ ದೂರಿಗೆ ಎರಡು ದಾರಿಗಳಿವೆ: ಸದ್ದು ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚಿರಬೇಕು, ಇಲ್ಲವೇ ರಾತ್ರಿಯ ನಿರ್ಬಂಧವನ್ನು ಮುರಿದಿರಬೇಕು. ಎರಡನೆಯದಕ್ಕೆ ಅಂಕಿ ಬೇಕಿಲ್ಲ. ‘ಮೀಟರ್ ಇಲ್ಲ, ಏನು ಮಾಡೋಣ’ ಎಂದು ಠಾಣೆಯಲ್ಲಿ ಹೇಳಿದರೆ ಈ ನಿಯಮವನ್ನೇ ತೋರಿಸಿ.

ಹಗಲಿನ ದೂರಿಗೆ ಮಾತ್ರ ಅಳತೆ ಬೇಕು. ಫೋನಿನ ಆ್ಯಪ್ ಅಂದಾಜಿಗೆ ಆದೀತು, ಸಾಕ್ಷ್ಯಕ್ಕೆ ದುರ್ಬಲ. ಫೋನಿನ ಮೈಕನ್ನು ಮಾತಿಗಾಗಿ ಮಾಡಿರುತ್ತಾರೆ. ಜೋರು ಸದ್ದು ಬಂದಾಗ ಅದು ತಾನೇ ಮಟ್ಟವನ್ನು ತಗ್ಗಿಸಿಕೊಳ್ಳುತ್ತದೆ, ಬೇಸ್ ಸದ್ದನ್ನು ಅರ್ಧಕ್ಕರ್ಧ ಕೇಳಿಸಿಕೊಳ್ಳುವುದೇ ಇಲ್ಲ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಒಂದೊಂದು ಮಾಡೆಲ್ ಒಂದೊಂದು ಅಂಕಿ ತೋರಿಸುತ್ತದೆ. ಹತ್ತು ಮನೆಯವರು ಸೇರಿ ‘ಕ್ಲಾಸ್ 2’ ಗುರುತಿನ ಸೌಂಡ್ ಲೆವೆಲ್ ಮೀಟರ್ (ಸದ್ದು ಅಳೆಯುವ ಯಂತ್ರ) ಕೊಂಡುಕೊಳ್ಳುವುದು, ಅಥವಾ ಮಂಡಳಿಯ ಪ್ರಾದೇಶಿಕ ಕಚೇರಿಯಿಂದ ಅಳತೆ ಮಾಡಿಸುವುದು ಒಳ್ಳೆಯದು. ಕೊಂಡರೆ 94 ಡೆಸಿಬೆಲ್ ಕೊಡುವ ಕ್ಯಾಲಿಬ್ರೇಟರಿನಿಂದ ಅಳತೆಗೆ ಮುಂಚೆ ಮತ್ತು ನಂತರ ಪರೀಕ್ಷಿಸಿ, ಎರಡೂ ಅಂಕಿಗಳನ್ನು ಬರೆದಿಡಿ.

ಅಳೆಯುವ ಕ್ರಮ ಹೀಗೆ. ಕಾರ್ಯಕ್ರಮದ ಜಾಗದ ಗಡಿಯಲ್ಲಿ, ನಿಮ್ಮ ಮನೆಯ ಕಡೆಗೆ ನಿಲ್ಲಿ. ಮೀಟರನ್ನು ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ, ಸಾಧ್ಯವಾದರೆ ಸ್ಟ್ಯಾಂಡಿನ ಮೇಲೆ ಇಡಿ. ಹತ್ತಿರದ ಗೋಡೆಯಿಂದ ಮೂರೂವರೆ ಮೀಟರಾದರೂ ದೂರವಿರಲಿ. ಗೋಡೆಗೆ ಬಡಿದು ಮರಳುವ ಸದ್ದು ಅಂಕಿಯನ್ನು 3 ಡೆಸಿಬೆಲ್‌ವರೆಗೆ ಏರಿಸುತ್ತದೆ, ಎದುರಿನವರು ಅದನ್ನೇ ಹಿಡಿದು ದೂರನ್ನು ತಳ್ಳಿಹಾಕುತ್ತಾರೆ. ಮೈಕಿನ ಮೇಲೆ ಗಾಳಿ ತಡೆಯುವ ಸ್ಪಂಜಿನ ಉಂಡೆ ಇರಲೇಬೇಕು. ಮೀಟರಿನಲ್ಲಿ ‘ಎ’ ತೂಕ (ಮನುಷ್ಯನ ಕಿವಿ ಕೇಳುವ ರೀತಿಗೆ ಹೊಂದಿಸುವ ಸೆಟ್ಟಿಂಗ್), ಸರಾಸರಿ ಮಟ್ಟ ಇಟ್ಟು ಕನಿಷ್ಠ 15 ನಿಮಿಷ ಓಡಿಸಿ. ಒಂದು ಕ್ಷಣದ ಗರಿಷ್ಠ ಅಂಕಿಯನ್ನು ಫೋಟೊ ಹಿಡಿದು ಕೊಟ್ಟರೆ ಪ್ರಯೋಜನವಿಲ್ಲ. ಮಿತಿ ಇರುವುದು ಸರಾಸರಿಗೆ.

ಆಮೇಲೆ ಹಿನ್ನೆಲೆಯ ಸದ್ದು. ಮೈಕು ನಿಂತಾಗ ಅದೇ ಜಾಗದಲ್ಲಿ, ಅಷ್ಟೇ ಹೊತ್ತು ಮತ್ತೆ ಅಳೆಯಿರಿ. ಎರಡರ ಅಂತರ 10 ಡೆಸಿಬೆಲ್ ಇದ್ದರೆ ಮೊದಲ ಅಂಕಿ ಹಾಗೆಯೇ ನಿಲ್ಲುತ್ತದೆ. 6ರಿಂದ 9 ಇದ್ದರೆ 1, 4 ಅಥವಾ 5 ಇದ್ದರೆ 2, 3 ಇದ್ದರೆ 3 ಕಳೆಯಿರಿ. ಅದಕ್ಕಿಂತ ಕಡಿಮೆ ಅಂತರವಾದರೆ ನೀವು ಅಳೆದದ್ದು ಕಾರ್ಯಕ್ರಮವನ್ನಲ್ಲ, ರಸ್ತೆಯ ಟ್ರಾಫಿಕ್ಕನ್ನು. ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡ ದೂರಿಗೆ ಬೆಲೆ ಹೆಚ್ಚು.

ಕಿಟಕಿ ನಡುಗುತ್ತದೆ, ಅಂಕಿ ಏಕೆ ಕಡಿಮೆ?

ಇಂದಿನ ಡಿಜೆ ಕಾಲದ ನಿಜವಾದ ಸಂಕಟ ಇದು. ಎದೆಗೆ ಗುದ್ದುವುದು 40ರಿಂದ 100 ಹರ್ಟ್ಸ್‌ನ ಬೇಸ್. ಆದರೆ ನಿಯಮದ ‘ಎ’ ತೂಕ ಕೆಳಗಿನ ಸ್ವರಗಳನ್ನು ಕಳೆದು ಲೆಕ್ಕ ಹಾಕುತ್ತದೆ: 125 ಹರ್ಟ್ಸ್‌ನಲ್ಲಿ ಸುಮಾರು 16 ಡೆಸಿಬೆಲ್, 63 ಹರ್ಟ್ಸ್‌ನಲ್ಲಿ 26 ಡೆಸಿಬೆಲ್ ಕಡಿತ. ನಿಮ್ಮ ಗೋಡೆಗೆ 63 ಹರ್ಟ್ಸ್‌ನ ಸದ್ದು 90 ಡೆಸಿಬೆಲ್ ಬಂದು ಬಡಿದರೂ ಮೀಟರ್ ‘ಎ’ನಲ್ಲಿ 64 ಎನ್ನುತ್ತದೆ, ವಾಸದ ಬಡಾವಣೆಯ ಮೈದಾನದ ಮೈಕಿಗೆ ಗಡಿಯಲ್ಲಿರುವ ಹಗಲಿನ 65ರ ಮಿತಿಯ ಒಳಗೆ. ಸಾಲದ್ದಕ್ಕೆ ಗೋಡೆ ಕಿಟಕಿಗಳು ಹಾಡಿನ ಮೇಲಿನ ಸ್ವರಗಳನ್ನು ತಡೆದು ಬೇಸನ್ನು ಒಳಗೆ ಬಿಡುತ್ತವೆ. ಹಾಡು ಯಾವುದೆಂದು ಗೊತ್ತಾಗದೆ ಢಬ್ ಢಬ್ ಮಾತ್ರ ಕೇಳುವುದು ಇದರಿಂದಲೇ.

ಪರಿಹಾರವಾಗಿ, ಅದೇ ಜಾಗದಲ್ಲಿ ಮೀಟರನ್ನು ಬೇಸನ್ನು ಅಷ್ಟಾಗಿ ಕಳೆಯದ ‘ಸಿ’ ತೂಕಕ್ಕೆ ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ‘ಸಿ’ ಮತ್ತು ‘ಎ’ ನಡುವಿನ ಅಂತರ 15-20 ಡೆಸಿಬೆಲ್ ದಾಟಿದರೆ ತೊಂದರೆ ಬೇಸಿನದು. ನಿಯಮದಲ್ಲಿ ‘ಸಿ’ಗೆ ಮಿತಿ ಇಲ್ಲ, ಆದ್ದರಿಂದ ಅದನ್ನು ಉಲ್ಲಂಘನೆ ಎಂದು ಬರೆಯಬೇಡಿ. ಬದಲಿಗೆ ಅನುಮತಿಯಲ್ಲಿ ಸಬ್‌ವೂಫರುಗಳಿಗೆ (ಬೇಸ್ ಹೊಡೆಯುವ ಬಾಕ್ಸು, ‘ಸಬ್’) ಷರತ್ತು ಹಾಕಬೇಕೆಂದು ಕೇಳಲು ಈ ಅಂಕಿ ಬಳಸಿ. ಇದಕ್ಕೆ ನಿಯಮದಲ್ಲೇ ಮಿತಿ ಬರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಮೂರನೇ ಹೆಜ್ಜೆ: ಕಾರ್ಯಕ್ರಮಕ್ಕೆ ಮುಂಚೆ

ಕಂಬಕ್ಕೆ ಬ್ಯಾನರ್ ಬಿದ್ದ ದಿನವೇ ಕೆಲಸ ಶುರುವಾಗಬೇಕು. ಬ್ಯಾನರಿನ ಫೋಟೊ ತೆಗೆದಿಟ್ಟುಕೊಳ್ಳಿ. ಸಂಘಟಕರ ಹೆಸರು, ದಿನ, ಜಾಗ ಎಲ್ಲವೂ ಅಲ್ಲಿರುತ್ತದೆ. ಮೊದಲು ಸಂಘಟಕರನ್ನೇ ಹೋಗಿ ಕಾಣಿ. ‘ನಿಲ್ಲಿಸಿ’ ಎನ್ನಬೇಡಿ. ಮೂರೇ ಸಂಗತಿ ಕೇಳಿ: ಬಾಕ್ಸುಗಳ ಮುಖ ಯಾವ ಕಡೆಗೆ, ಬೇಸ್ ಎಷ್ಟು, ಎಷ್ಟು ಗಂಟೆಗೆ ಮುಗಿಯುತ್ತದೆ. ಬಹುಪಾಲು ಸಂಘಟಕರು ಅದೇ ಬೀದಿಯವರು, ಅವರ ಮನೆಯಲ್ಲೂ ಮಲಗುವವರಿದ್ದಾರೆ. ಜವಾಬ್ದಾರಿ ಹೊತ್ತ ಒಬ್ಬರ ಫೋನ್ ನಂಬರ್ ಪಡೆಯಿರಿ, ರಾತ್ರಿ 9.50ಕ್ಕೆ ಅದೇ ಕೆಲಸಕ್ಕೆ ಬರುತ್ತದೆ.

ಮಾತಿನಿಂದ ಆಗದಿದ್ದರೆ, ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ ಎಸಿಪಿ ಅಥವಾ ಡಿವೈಎಸ್ಪಿಗೆ ಪತ್ರ ಕೊಡಿ, ಪ್ರತಿಯನ್ನು ಠಾಣೆಗೆ ಮುಟ್ಟಿಸಿ. ಪತ್ರ ಚಿಕ್ಕದಾಗಿರಲಿ:

‘ವಿಷಯ: … ಮೈದಾನದಲ್ಲಿ ದಿನಾಂಕ …ರಂದು ನಡೆಯಲಿರುವ ಕಾರ್ಯಕ್ರಮದ ಧ್ವನಿವರ್ಧಕದ ಬಗ್ಗೆ. ಮಾನ್ಯರೇ, ಮೇಲ್ಕಂಡ ಮೈದಾನದ ಗಡಿಯಿಂದ … ಮೀಟರ್ ಅಂತರದಲ್ಲಿ … ಮನೆಗಳಿವೆ. ಶಬ್ದ ಮಾಲಿನ್ಯ ನಿಯಮಗಳು 2000, ನಿಯಮ 5ರ ಪ್ರಕಾರ ಈ ಕಾರ್ಯಕ್ರಮಕ್ಕೆ ಲಿಖಿತ ಅನುಮತಿ ನೀಡಲಾಗಿದೆಯೇ ಎಂದು ತಿಳಿಸಬೇಕೆಂದೂ, ನೀಡುವುದಾದರೆ ಗಡಿಯಲ್ಲಿ 65 ಡೆಸಿಬೆಲ್ ಮಿತಿ, ರಾತ್ರಿ 10ಕ್ಕೆ ಮುಕ್ತಾಯ, ಧ್ವನಿಪೆಟ್ಟಿಗೆಗಳ ದಿಕ್ಕು ಮತ್ತು ಸಂಖ್ಯೆಯ ಷರತ್ತುಗಳನ್ನು ವಿಧಿಸಬೇಕೆಂದೂ ಕೋರುತ್ತೇವೆ. ಅರ್ಜಿದಾರರ ಹೆಸರುಗಳನ್ನು ಸಂಘಟಕರಿಗೆ ತಿಳಿಸಬಾರದೆಂದು ವಿನಂತಿ.’

ಎರಡನೇ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳದೆ ಹೊರಬರಬೇಡಿ. ‘ನೋಡೋಣ’ ಎಂಬ ಮಾತು ಸ್ವೀಕೃತಿಯಾಗುವುದಿಲ್ಲ. ಒಬ್ಬರ ಸಹಿಗಿಂತ ಐದಾರು ಮನೆಗಳ ಸಹಿ ಒಳ್ಳೆಯದು. ಒಬ್ಬರೇ ಎದುರು ಹಾಕಿಕೊಂಡಂತೆ ಆಗುವುದಿಲ್ಲ.

ನಾಲ್ಕನೇ ಹೆಜ್ಜೆ: ಆ ರಾತ್ರಿ

ಗಡಿಯಾರ 10 ದಾಟಿದ ಮೇಲೆ ಮೊದಲು ಆ ಜವಾಬ್ದಾರಿ ವ್ಯಕ್ತಿಗೆ ಒಂದು ಕರೆ. ಹತ್ತು ನಿಮಿಷದಲ್ಲಿ ನಿಲ್ಲದಿದ್ದರೆ 112ಕ್ಕೆ ಕರೆ ಮಾಡಿ. ಹೇಳಬೇಕಾದ್ದು ಇಷ್ಟೇ: ಜಾಗ, ಹತ್ತಿರದ ಗುರುತು, ಬಯಲಿನಲ್ಲಿ ಮೈಕು, ಸಮಯ 10 ದಾಟಿದೆ, ಮನೆಯಲ್ಲಿ ರೋಗಿ ಅಥವಾ ಮಗು ಇದ್ದರೆ ಅದು. ಯಾವ ದೇವರು, ಯಾವ ಪಕ್ಷ, ಯಾವ ಹಾಡು ಎಂದು ಹೇಳುವ ಅಗತ್ಯವೇ ಇಲ್ಲ. ಹೇಳಿದರೆ ವಿಷಯ ಸದ್ದಿನಿಂದ ಜಾರಿ ಬೇರೆಡೆಗೆ ಹೋಗುತ್ತದೆ. ದೂರಿನ ಸಂಖ್ಯೆ ಕೇಳಿ, ಕರೆಯ ಸಮಯ ಬರೆದಿಡಿ. ಪೊಲೀಸ್ ವಾಹನ ಬಂದು ಹೋದ ಮೇಲೆ ಸದ್ದು ಮತ್ತೆ ಏರಿದರೆ ಮತ್ತೆ ಕರೆ ಮಾಡಿ. ಪ್ರತಿ ಕರೆಯೂ ಪ್ರತ್ಯೇಕ ದಾಖಲೆ.

ವಿಡಿಯೊ ತೆಗೆಯುವುದಾದರೆ ನಿಮ್ಮ ಮನೆಯ ಕಿಟಕಿಯಿಂದಲೇ ತೆಗೆಯಿರಿ. ಮೊದಲು ಗಡಿಯಾರ ಅಥವಾ ಟಿವಿಯ ಸಮಯ ತೋರಿಸಿ, ನಂತರ ಕತ್ತರಿಸದೆ ಒಂದೆರಡು ನಿಮಿಷ ಕಾರ್ಯಕ್ರಮದ ದಿಕ್ಕು. ಕುಣಿಯುವವರ ಗುಂಪಿನೊಳಗೆ ಹೋಗಿ ಚಿತ್ರೀಕರಿಸುವುದು, ಮಿಕ್ಸರ್ ಹತ್ತಿರ ಹೋಗಿ ಜಗಳ ತೆಗೆಯುವುದು ಬೇಡ. ಕುಡಿದವರು ಇರುವ ಮೆರವಣಿಗೆಯಲ್ಲಿ ಅದು ಅಪಾಯ.

ದೂರದ ಮೈಕು ರಾತ್ರಿ ಹೊತ್ತು ಹತ್ತಿರ ಬಂದಂತೆ ಕೇಳುವುದು ಭ್ರಮೆಯಲ್ಲ. ಸಂಜೆಯ ನಂತರ ನೆಲ ತಣ್ಣಗಾಗಿ, ತಂಪು ಗಾಳಿಯ ಮೇಲೆ ಬೆಚ್ಚನೆ ಗಾಳಿಯ ಪದರ ಕೂತಾಗ, ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. ಚಳಿಗಾಲದ ನಿರ್ಮಲ ರಾತ್ರಿಗಳಲ್ಲಿ ಇದು ಹೆಚ್ಚು. ಹೀಗಾಗಿ ‘ಅರ್ಧ ಕಿಲೋಮೀಟರ್ ದೂರ ಇದೆ, ನಿಮಗೇನು ಕೇಳುತ್ತೆ’ ಎಂಬ ಪ್ರಶ್ನೆಗೆ ಉತ್ತರವಿದೆ.

ಐದನೇ ಹೆಜ್ಜೆ: ಮರುದಿನದಿಂದ ಮುಂದಕ್ಕೆ

ಒಂದು ರಾತ್ರಿಯ ತೊಂದರೆಯಾದರೆ ಅಲ್ಲಿಗೆ ಬಿಡುವುದೇ ಒಳಿತು. ವಾರವಾರ ಮರುಕಳಿಸಿದರೆ ಕಾಗದ ಕಟ್ಟಬೇಕು. ಮೊದಲು ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ, ಶುಲ್ಕ 10 ರೂಪಾಯಿ. ಕೇಳಬೇಕಾದ್ದು: ಆ ದಿನದ ಧ್ವನಿವರ್ಧಕ ಅನುಮತಿ ಪತ್ರದ ಪ್ರತಿ, ಅದರ ಷರತ್ತುಗಳು, ಆ ರಾತ್ರಿ 112ರಿಂದ ಠಾಣೆಗೆ ಬಂದ ದೂರುಗಳ ಮೇಲೆ ಕೈಗೊಂಡ ಕ್ರಮದ ದಾಖಲೆ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ. ಅದು ಮಾಹಿತಿಯಲ್ಲ ಎಂದು ಹಿಂಬರಹ ಕೊಟ್ಟು ಮುಗಿಸುತ್ತಾರೆ. 30 ದಿನಗಳಲ್ಲಿ ಉತ್ತರ ಬರಬೇಕು. ಅನುಮತಿಯೇ ಇರಲಿಲ್ಲ ಎಂದು ಉತ್ತರ ಬಂದರೆ ನಿಮ್ಮ ಅರ್ಧ ಕೆಲಸ ಆದಂತೆ.

ಆ ಉತ್ತರ, ಸ್ವೀಕೃತಿಗಳು, ಕರೆಗಳ ಪಟ್ಟಿ, ಅಳತೆಯ ಹಾಳೆ ಇವನ್ನೆಲ್ಲ ಸೇರಿಸಿ ಎಂಟನೇ ನಿಯಮದಡಿ ಆದೇಶ ಕೋರಿ ಅರ್ಜಿ ಕೊಡಿ. ಸದ್ದನ್ನು ನಿಷೇಧಿಸುವ ಅಥವಾ ನಿಯಂತ್ರಿಸುವ ಲಿಖಿತ ಆದೇಶವನ್ನು ಪ್ರಾಧಿಕಾರ (ಎಸಿಪಿ, ಡಿವೈಎಸ್ಪಿಯಂಥ ಅಧಿಕಾರಿ) ಹೊರಡಿಸಬಹುದು. ಸಾರ್ವಜನಿಕ ಉಪದ್ರವ ತೆಗೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಉಪವಿಭಾಗಾಧಿಕಾರಿಯ ಮುಂದೆಯೂ ಹೋಗಬಹುದು. ಲಿಖಿತ ಆದೇಶಕ್ಕೆ ಏಕೆ ಇಷ್ಟು ಒತ್ತು ಎಂದರೆ, ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಮಿನಡಿ ಸಾರ್ವಜನಿಕ ಉಪದ್ರವಕ್ಕೆ ದಂಡ 1,000 ರೂಪಾಯಿವರೆಗೆ ಮಾತ್ರ. ದೊಡ್ಡ ಸಂಘಟಕರು ಅದನ್ನು ಶಾಮಿಯಾನದ ಬಾಡಿಗೆಯ ಜೊತೆ ಸೇರಿಸಿಬಿಡುತ್ತಾರೆ. ಮುಂದುವರಿಸಬಾರದೆಂಬ ಆದೇಶವಿದ್ದೂ ಮುಂದುವರಿಸಿದರೆ 293ನೇ ಕಲಮಿನಡಿ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 5,000 ರೂಪಾಯಿವರೆಗೆ ದಂಡ. ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಮಿನಲ್ಲಿ ಮೊದಲು ಐದು ವರ್ಷದವರೆಗಿನ ಜೈಲು ಇತ್ತು. 2024ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ, ಅದನ್ನು ವಿಧಿಸುವುದು ಪೊಲೀಸರಲ್ಲ, ನ್ಯಾಯನಿರ್ಣಯ ಅಧಿಕಾರಿ. ‘ಐದು ವರ್ಷ ಒಳಗೆ ಹಾಕಿಸುತ್ತೇವೆ’ ಎಂಬ ಹಳೆಯ ಬೆದರಿಕೆಯನ್ನು ದೂರಿನಲ್ಲಿ ಬರೆಯಬೇಡಿ.

ಕಲ್ಯಾಣ ಮಂಟಪ ಅಥವಾ ಪಬ್ಬಿನಂತೆ ಶಾಶ್ವತ ಜಾಗವಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗುವ ದಾರಿಯೂ ಇದೆ. ವ್ಯಾಜ್ಯದ ಕಾರಣ ಹುಟ್ಟಿದ ಆರು ತಿಂಗಳ ಒಳಗೆ ಹೋಗಬೇಕು.

ಕಾರ್ಯಕ್ರಮ ನಡೆಸುವವರಿಗೆ

65 ಡೆಸಿಬೆಲ್ ಎಂದರೆ ಎಷ್ಟೆಂದು ಮೊದಲು ಮನಸ್ಸಿಗೆ ತಂದುಕೊಳ್ಳಿ. ಒಂದು ಮೀಟರ್ ದೂರದಲ್ಲಿ ಇಬ್ಬರು ಸಹಜವಾಗಿ ಮಾತಾಡಿದರೆ ಸುಮಾರು 60. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ವೇದಿಕೆಯ ಎರಡು ಕಡೆ ಬಾಕ್ಸು ಪೇರಿಸಿ 10 ಮೀಟರಿನಲ್ಲಿ 95 ಡೆಸಿಬೆಲ್ ಹೊಡೆದರೆ, 20 ಮೀಟರಿನಲ್ಲಿ 89, 40ರಲ್ಲಿ 83, 80ರಲ್ಲಿ 77, 160ರಲ್ಲಿ 71. 65ಕ್ಕೆ ಇಳಿಯಲು 300 ಮೀಟರಿಗೂ ಹೆಚ್ಚು ಬೇಕು. ಬಡಾವಣೆಯ ಯಾವ ಆಟದ ಮೈದಾನವೂ ಅಷ್ಟು ದೊಡ್ಡದಿಲ್ಲ. ಅಂದರೆ ಎರಡು ದೊಡ್ಡ ಗೋಪುರಗಳ ಪದ್ಧತಿಯಲ್ಲಿ ನಿಯಮ ಪಾಲಿಸುವುದು ಲೆಕ್ಕದಲ್ಲೇ ಸಾಧ್ಯವಿಲ್ಲ. ನಿಯಮ ಮುರಿಯುವುದು ಮಿಕ್ಸರಿನ ಮುಂದೆ ಅಲ್ಲ, ಬಾಕ್ಸು ಬಾಡಿಗೆಗೆ ಹೇಳುವಾಗಲೇ.

ದಾರಿ ಇದೆ. ಸಣ್ಣ ಬಾಕ್ಸುಗಳನ್ನು ಪ್ರೇಕ್ಷಕರ ನಡುವೆ ಹಂಚಿ ಇಡಿ. ಒಂದು ಬಾಕ್ಸು 5 ಮೀಟರ್ ದೂರದ ಕೇಳುಗರಿಗೆ 75 ಡೆಸಿಬೆಲ್ ಕೊಟ್ಟರೆ ಭಾಷಣಕ್ಕೂ ಭಕ್ತಿಗೀತೆಗೂ ಧಾರಾಳವಾಯಿತು. 20 ಮೀಟರಿನ ಗಡಿಯಲ್ಲಿ ಅದು 63. ನಾಲ್ಕೈದು ಬಾಕ್ಸು ಸೇರಿದಾಗ ಕೆಲವು ಡೆಸಿಬೆಲ್ ಏರುತ್ತದೆ, ಹಾಗಾಗಿ ಗಡಿಯ ಹತ್ತಿರದವನ್ನು ಒಳಮುಖವಾಗಿ ತಿರುಗಿಸಿ. ಬಾಕ್ಸನ್ನು ತಲೆಗಿಂತ ಸ್ವಲ್ಪ ಮೇಲೆ ಇಟ್ಟು ಮುಖವನ್ನು ಕೆಳಕ್ಕೆ ಬಾಗಿಸಿ. ಮರ, ಕಂಬ, ಮಹಡಿಗೆ ಕಟ್ಟುವ ಕಹಳೆಯಾಕಾರದ ಹಾರ್ನ್ ಬೇಡವೇ ಬೇಡ. ಅದು ದೂರಕ್ಕೆ ಎಸೆಯಲೆಂದೇ ಮಾಡಿದ್ದು, ಹತ್ತಿರದ ಕೇಳುಗರಿಗೆ ಅದರಿಂದ ಉಪಯೋಗವಿಲ್ಲ.

ಬೇಸ್ ಎಲ್ಲ ದಿಕ್ಕಿಗೂ ಹರಡುತ್ತದೆ, ಸಬ್ಬಿನ ಮುಖ ತಿರುಗಿಸಿದರೆ ಏನೂ ಆಗುವುದಿಲ್ಲ. ವೇದಿಕೆಯ ಹಿಂದೆ ಮನೆಗಳಿದ್ದರೆ ಸೌಂಡಿನವರಿಗೆ ಹೀಗೆ ಹೇಳಿ: ಎರಡು ಸಬ್‌ಗಳನ್ನು ಒಂದರ ಹಿಂದೆ ಒಂದು 1.4 ಮೀಟರ್ ಅಂತರದಲ್ಲಿ ಇಡಿ, ಹಿಂದಿನದಕ್ಕೆ ಸುಮಾರು 4.1 ಮಿಲಿಸೆಕೆಂಡ್ ಡಿಲೇ ಕೊಟ್ಟು ಪೋಲಾರಿಟಿ ತಿರುಗಿಸಿ. 60 ಹರ್ಟ್ಸ್ ಆಸುಪಾಸಿನಲ್ಲಿ ಹಿಂದಕ್ಕೆ ಹೋಗುವ ಸದ್ದು ಒಂದನ್ನೊಂದು ಕೊಲ್ಲುತ್ತದೆ, ಮುಂದಕ್ಕೆ ಕೂಡಿಕೊಳ್ಳುತ್ತದೆ. ಡಿಜಿಟಲ್ ಪ್ರೊಸೆಸರ್ ಇದ್ದರೆ ಕೆಲವೇ ನಿಮಿಷದ ಕೆಲಸ. ಇಲ್ಲದಿದ್ದರೆ ಸಬ್‌ಗಳ ಸಂಖ್ಯೆ ಅರ್ಧ ಮಾಡಿ, 3 ಡೆಸಿಬೆಲ್‌ನಿಂದ 6 ಡೆಸಿಬೆಲ್‌ವರೆಗೆ ಅಲ್ಲೇ ಇಳಿಯುತ್ತದೆ.

ಸಂಜೆ ಸೌಂಡ್ ಚೆಕ್ ಆಗುವಾಗ ಗಡಿಯಲ್ಲಿ ಅಳೆದು, ಮಿಕ್ಸರಿನ ಮಾಸ್ಟರ್ ಎಲ್ಲಿದ್ದರೆ ಗಡಿಯಲ್ಲಿ 65 ಬರುತ್ತದೆ ಎಂದು ಟೇಪು ಅಂಟಿಸಿ ಗುರುತು ಮಾಡಿ. ನಿರೂಪಕರಿಗೂ ಗಾಯಕರಿಗೂ ಮೊದಲೇ ತಿಳಿಸಿ. ಕಾರ್ಯಕ್ರಮದ ಪಟ್ಟಿಯನ್ನು 9.30ಕ್ಕೆ ಮುಗಿಯುವಂತೆ ಬರೆಯಿರಿ. ಮುಖ್ಯ ಅತಿಥಿ ತಡವಾಗಿ ಬರುತ್ತಾರೆ, ಸನ್ಮಾನ ಉದ್ದವಾಗುತ್ತದೆ. 10ಕ್ಕೆ ಎಂದು ಬರೆದ ಕಾರ್ಯಕ್ರಮ 11ಕ್ಕೆ ಮುಗಿಯುವುದು ಹೀಗೆಯೇ.

ಇನ್ನೊಂದು ಮಾತು. ಪೊಲೀಸರು ಬಂದಾಗ ಸಾಮಾನ್ಯವಾಗಿ ಜಪ್ತಿಯಾಗುವುದು ಬಾಡಿಗೆಗೆ ಬಂದ ಸೌಂಡಿನ ಹುಡುಗರ ಸಾಮಾನು. ವಾಲ್ಯೂಮ್ ಏರಿಸು ಎಂದವರು ಮನೆಗೆ ಹೋಗುತ್ತಾರೆ, ಸಾಲ ಮಾಡಿ ಆ್ಯಂಪ್ಲಿಫೈಯರ್ ಕೊಂಡವರು ಠಾಣೆಗೆ ಅಲೆಯುತ್ತಾರೆ. ಇದು ಅನ್ಯಾಯ. ಸೌಂಡಿನವರು ಬಾಡಿಗೆ ಚೀಟಿಯಲ್ಲಿ ‘ಅನುಮತಿ ಪಡೆಯುವುದು, ಮಿತಿ, ಮುಕ್ತಾಯದ ಸಮಯ ಸಂಘಟಕರ ಹೊಣೆ’ ಎಂದು ಬರೆಸಿ ಸಹಿ ಪಡೆಯಲಿ, ಅನುಮತಿ ಪತ್ರದ ಪ್ರತಿ ಕೈಗೆ ಬರದೆ ಕೇಬಲ್ ಎಳೆಯದಿರಲಿ. ದೂರು ಕೊಡುವವರೂ ಸಂಘಟಕರ ಹೆಸರನ್ನೇ ಬರೆಯಲಿ.

ಎಲ್ಲರಿಗೂ ಒಂದೇ ಅಳತೆ

ಶಬ್ದದ ನಿಯಮ ನಂಬಿಕೆ ಕಳೆದುಕೊಳ್ಳುವುದು ಆಯ್ದು ಬಳಸಿದಾಗ. ಒಂದು ಸಮುದಾಯದ ಪ್ರಾರ್ಥನೆಯ ಮೈಕಿನ ಮೇಲೆ ದೂರು ಬರೆದವರು ತಮ್ಮದೇ ಬೀದಿಯ ಡಿಜೆ ಮೆರವಣಿಗೆಗೆ ಸುಮ್ಮನಿದ್ದರೆ ಆ ದೂರಿನಲ್ಲಿ ಡೆಸಿಬೆಲ್ ಬಿಟ್ಟು ಬೇರೇನೋ ಇದೆ ಎಂದು ಜನ ತಿಳಿಯುತ್ತಾರೆ, ತಿಳಿಯಬೇಕಾದ್ದೂ ಹಾಗೆಯೇ. ಯಾವ ಧರ್ಮವೂ ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ಹೇಳಿದ್ದು ಎಲ್ಲ ಧರ್ಮಗಳನ್ನೂ ಸೇರಿಸಿ. ಬಡಾವಣೆಯ ಸಂಘಗಳು ಒಂದು ಸರಳ ಕೆಲಸ ಮಾಡಬಹುದು: ಮೂರು ತಿಂಗಳು ಒಂದು ವಹಿ ಇಡುವುದು. ದಿನ, ಜಾಗ, ಶುರು, ಮುಕ್ತಾಯ, ಗಡಿಯ ಅಂಕಿ, ಎಷ್ಟು ಮನೆಗಳಿಗೆ ತೊಂದರೆ. ಸಂಘಟಕರ ಜಾತಿ, ಮತ, ಪಕ್ಷಕ್ಕೆ ಅದರಲ್ಲಿ ಕಾಲಮ್ಮೇ ಬೇಡ. ಆ ವಹಿಯನ್ನು ಇಟ್ಟುಕೊಂಡು ಮಾತಾಡಿದರೆ ಠಾಣೆಯಲ್ಲೂ ತೂಕ ಬರುತ್ತದೆ.

ನಿಯಮ ತಾನೇ ಎಡವುವ ಜಾಗಗಳೂ ಇವೆ. ಕರಾವಳಿಯ ಯಕ್ಷಗಾನ ಬಯಲಾಟ ನೋಡಿ. ಮೇಳಗಳು, ಅಂದರೆ ಆಟದ ತಂಡಗಳು, ಪತ್ತನಾಜೆಯವರೆಗೆ (ತಿರುಗಾಟ ಮುಗಿಯುವ ದಿನ) ತಿರುಗಾಟದಲ್ಲಿದ್ದು ಊರಿಂದೂರಿಗೆ ಹೋಗುತ್ತವೆ. ಒಂದು ಗದ್ದೆಯ ಬದಿಯಲ್ಲಿ ವರ್ಷಕ್ಕೆ ಒಂದೋ ಎರಡೋ ರಾತ್ರಿ ಆಟ. ಅದೇ ಪಟ್ಟಣದ ಕಲ್ಯಾಣ ಮಂಟಪದ ಹಿಂದಿನ ಮನೆಯವರಿಗೆ ಮದುವೆಯ ತಿಂಗಳಲ್ಲಿ ಬಹುತೇಕ ಪ್ರತಿ ರಾತ್ರಿ ಸದ್ದು. ನಿಯಮದ 15 ದಿನಗಳ ಲೆಕ್ಕ ಒಂದು ಮನೆಯವರು ವರ್ಷಕ್ಕೆ ಎಷ್ಟು ರಾತ್ರಿ ನಿದ್ದೆಗೆಟ್ಟರು ಎಂಬುದನ್ನು ನೋಡುವುದೇ ಇಲ್ಲ. ಬೆಳಗಿನವರೆಗಿನ ಆಟ ಆಡಿಸುವವರಿಗೆ ಇಂದು ಉಳಿದಿರುವುದು ಸಂಜೆಯಿಂದಲೇ ಶುರುವಾಗುವ ಕಾಲಮಿತಿ ಪ್ರದರ್ಶನ ಅಥವಾ ಮುಚ್ಚಿದ ಸಭಾಭವನ. ಒಂದೊಂದು ಜಾಗಕ್ಕೂ ವರ್ಷಕ್ಕೆ ಇಷ್ಟೇ ರಾತ್ರಿ ಎಂದು ಮಿತಿ ಹಾಕಿದರೆ ಹೆಚ್ಚು ನ್ಯಾಯವಾಗುತ್ತದೆ, ಹಬ್ಬಕ್ಕೂ ಜಾಗ ಸಿಗುತ್ತದೆ. ಅದು ಬದಲಾಗುವವರೆಗೆ ಈಗಿರುವ ನಿಯಮವೇ ನಿಯಮ.

ಮೈದಾನಕ್ಕೆ ಮನೆಗಳು ಒತ್ತಿಕೊಂಡಿರುವ ಕಡೆ, ವರ್ಷದ ಆರಂಭದಲ್ಲೇ ನಿವಾಸಿಗಳ ಸಂಘ, ಉತ್ಸವ ಸಮಿತಿಗಳು, ಮಸೀದಿ ಮತ್ತು ಚರ್ಚಿನ ಆಡಳಿತ, ಠಾಣೆಯ ಇನ್‌ಸ್ಪೆಕ್ಟರ್ ಒಟ್ಟಿಗೆ ಕೂತು ಒಂದು ಹಾಳೆಯ ಒಪ್ಪಂದ ಬರೆದುಕೊಳ್ಳಿ. ಅದರಲ್ಲಿ ಇರಬೇಕಾದ್ದು: ವರ್ಷದ ಕಾರ್ಯಕ್ರಮಗಳ ದಿನಾಂಕ, ಬಾಕ್ಸು ಇಡುವ ಜಾಗ ಮತ್ತು ದಿಕ್ಕಿನ ನಕ್ಷೆ, ಗಡಿಯಲ್ಲಿ ಅಳೆಯುವ ಎರಡು ಗುರುತಿನ ಬಿಂದುಗಳು, ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ವಾರಗಳಲ್ಲಿ ರಾತ್ರಿ 8ರ ನಂತರ ಮೈಕಿಲ್ಲ ಎಂಬ ಮಾತು, ಎರಡೂ ಕಡೆಯ ಒಬ್ಬೊಬ್ಬರ ಫೋನ್ ನಂಬರ್, ಮತ್ತು ರಾತ್ರಿ 9.45ಕ್ಕೆ ಮಿಕ್ಸರ್ ಪಕ್ಕದಲ್ಲಿ ನಿಂತು ಮಾಸ್ಟರ್ ಇಳಿಸುವವರು ಯಾರೆಂಬ ಹೆಸರು.